ಹದಿನೈದು ಇಂಚಿನ ಋಣ

ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ, ಹವ್ಯಾಸಿಗಳು ಸ್ವಂತ ಕಾರು ಓಡಿಸುವ ಟ್ರ್ಯಾಕ್ ಡೇ ನಡೆಯುವ ದಿನ, ಪಿಟ್ ಹತ್ತಿರ ನಿಂತರೆ ಒಂದು ನೋಟ ಖಾತ್ರಿ ಸಿಗುತ್ತದೆ. ಕಾರು ಒಳಗೆ ಬಂದು ನಿಲ್ಲುತ್ತದೆ, ಓಡಿಸಿದವರು ಹೆಲ್ಮೆಟ್ ಕಳಚುತ್ತಾರೆ. ಬಾನೆಟ್ ಎತ್ತುವುದಿಲ್ಲ, ನೀರು ಕೂಡ ಕುಡಿಯುವುದಿಲ್ಲ. ನೇರ ಹೋಗಿ ಮುಂದಿನ ಎಡಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರಿನ ಹೊರ ಅಂಚನ್ನು ಬೆರಳಿನಿಂದ ಸವರುತ್ತಾರೆ. ಅಂಚು ತುರಿಮಣೆಯಲ್ಲಿ ಉಜ್ಜಿದಂತೆ ಒರಟಾಗಿರುತ್ತದೆ, ರಬ್ಬರಿನ ಸಣ್ಣ ಸಣ್ಣ ಉಂಡೆಗಳು ಅಂಟಿರುತ್ತವೆ, ಸುಟ್ಟ ವಾಸನೆ. ಪಕ್ಕದ ಕಾರಿನವರು ಬಗ್ಗಿ ನೋಡಿ ಕೇಳುವ ಮೊದಲ ಪ್ರಶ್ನೆ, 'ಯಾವ ಟೈರ್ ಹಾಕಿದ್ದೀರಿ?' ಎರಡನೆಯದು, 'ಸೈಜ್ ಎಷ್ಟು?'

ಪ್ರಶ್ನೆಗಳ ಈ ಕ್ರಮವೇ ತಲೆಕೆಳಗು ಎನ್ನುವುದು ನನ್ನ ತಕರಾರು. ಸಣ್ಣ ಕಾರಿನವರ ಮಟ್ಟಿಗೆ ಮೊದಲು ಸೈಜು, ಆಮೇಲೆ ಟೈರು. ನಮ್ಮ ರಿಮ್ಮಿನ ಅಳತೆ ಯಾವುದೋ, ಆ ಅಳತೆಯಲ್ಲಿ ಜಗತ್ತಿನಲ್ಲಿ ಯಾರು ಏನು ಮಾಡುತ್ತಿದ್ದಾರೋ, ಅದರಲ್ಲಿ ನಮ್ಮ ದೇಶದೊಳಗೆ ಯಾವುದು ಬರುತ್ತದೋ, ಅಷ್ಟೇ ನಮ್ಮ ಪಾಲಿನ ಅಂಗಡಿ. ಉಳಿದದ್ದೆಲ್ಲ ಅಂತರ್ಜಾಲದಲ್ಲಿ ನೋಡಿ ಬಾಯಲ್ಲಿ ನೀರೂರಿಸಿಕೊಳ್ಳುವುದಕ್ಕೆ.

ಉದಾಹರಣೆಗೆ ಒಂದು ಕಾರನ್ನು ಹಿಡಿದುಕೊಳ್ಳೋಣ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 2013ರಲ್ಲಿ 1.2 ಲೀಟರಿನ ಟರ್ಬೊ ಎಂಜಿನ್, 105 ಅಶ್ವಶಕ್ತಿ, ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆಯೊಂದಿಗೆ ಬಂತು. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುತ್ತಿದ್ದ ಪೋಲೋ 2022ರಲ್ಲಿ ನಿಂತುಹೋಯಿತು. ಆದರೂ ಟ್ರ್ಯಾಕ್ ಡೇಗಳಲ್ಲಿ ಕೆಎ ನಂಬರಿನ ಪೋಲೋಗಳಿಗೆ ಬರವಿಲ್ಲ. ಪಕ್ಕದಲ್ಲಿ ಸ್ವಿಫ್ಟ್‌ಗಳು, ಒಂದೆರಡು ಅಬಾರ್ತ್ ಪುಂಟೊ, ಎಲ್ಲೋ ಒಂದು ಫೋರ್ಡ್ ಫಿಗೊ ಎಸ್. ಎಲ್ಲವೂ ಒಂದೇ ಜಾತಿ: ಸಾವಿರ ಚಿಲ್ಲರೆ ಕೆಜಿ ತೂಕ, ಮುಂದಿನ ಗಾಲಿಗಳ ಎಳೆತ, ಹದಿನೈದು ಅಥವಾ ಹದಿನಾರು ಇಂಚಿನ ರಿಮ್.

ಕರ್ನಾಟಕದವರಿಗೆ ಇನ್ನೊಂದು ವಿಶೇಷ ಷರತ್ತಿದೆ. ಕಾರುಗಳಿಗೆಂದು ಕಟ್ಟಿದ ದೊಡ್ಡ ರೇಸ್ ಟ್ರ್ಯಾಕ್ ನಮ್ಮಲ್ಲಿಲ್ಲ. ರ‍್ಯಾಲಿಯಲ್ಲಿ ನಾವು ಹಿಂದೆ ಬಿದ್ದವರಲ್ಲ, ಕೆ-1000 ಇದೆ, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಿವೆ. ಡಾಂಬರಿನ ಟ್ರ್ಯಾಕ್ ಬೇಕೆಂದರೆ ಮಾತ್ರ ಗಡಿ ದಾಟಬೇಕು. ಒಂದೋ ಇರುಂಗಾಟ್ಟುಕೋಟೈನ 3.7 ಕಿಲೋಮೀಟರಿನ, ಹನ್ನೆರಡು ತಿರುವಿನ ಟ್ರ್ಯಾಕ್. ಇಲ್ಲವೇ ಕೊಯಮತ್ತೂರಿನ ಹತ್ತಿರ, ಫಾರ್ಮುಲಾ ಮಾರುತಿ ಕಾರು ರೂಪಿಸಿದ ಕರಿವರ್ಧನ್ ಅವರ ಹೆಸರಿನ ಕರಿ ಸ್ಪೀಡ್‌ವೇ, ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಫಾರ್ಮುಲಾ ಒನ್ 2011ರಿಂದ 2013ರವರೆಗೆ ಓಡಿದ ಬುದ್ಧ ಸರ್ಕ್ಯೂಟ್ ಗ್ರೇಟರ್ ನೋಯ್ಡಾದಲ್ಲಿದೆ, ಅದು ರಜೆ ಹಾಕಿ ಹೋಗುವ ಮಾತು. ಬೆಂಗಳೂರಿನಿಂದ ಮೊದಲೆರಡರಲ್ಲಿ ಯಾವುದಕ್ಕೆ ಹೊರಟರೂ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಟ್ರೇಲರಿನಲ್ಲಿ ಕಾರು ಹೇರಿಕೊಂಡು ಹೋಗುವವರು ಬೆರಳೆಣಿಕೆ. ಮಿಕ್ಕವರು ಓಡಿಸಿಕೊಂಡೇ ಹೋಗಿ, ದಿನವಿಡೀ ಸುತ್ತು ಹೊಡೆದು, ಅದೇ ಟೈರಿನಲ್ಲಿ ಮನೆಗೆ ಬರಬೇಕು. ಹೊಸೂರಿನ ಹತ್ತಿರ ರಾತ್ರಿ ಮಳೆ ಹಿಡಿದರೆ ಅದೇ ಟೈರು ಕಾಪಾಡಬೇಕು.

ಅಂಗಡಿಯವರ ಉತ್ತರ ಸರಳ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾರನ್ನೇ ಕೇಳಿ, 'ಇನ್ನೊಂದ್ ಸೈಜ್ ಅಗಲದ್ದು ಹಾಕ್ಸಿ ಸಾರ್, ಗಾಡಿ ರೋಡಿಗೆ ಅಂಟ್ಕೊಂಡ್ ಹೋಗುತ್ತೆ' ಎನ್ನುತ್ತಾರೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಇಲ್ಲೊಂದು ಗೊಂದಲ ಹುಟ್ಟಬೇಕು. ಘರ್ಷಣೆಗೂ ಸ್ಪರ್ಶದ ವಿಸ್ತೀರ್ಣಕ್ಕೂ ಸಂಬಂಧವಿಲ್ಲ ಎಂದಲ್ಲವೇ ಮೇಷ್ಟ್ರು ಹೇಳಿದ್ದು? ಮೇಷ್ಟ್ರು ಹೇಳಿದ್ದು ಮರದ ದಿಮ್ಮಿಗೆ ಸರಿ, ರಬ್ಬರು ಆ ನಿಯಮಕ್ಕೆ ಬಗ್ಗುವುದಿಲ್ಲ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಬರುತ್ತದೆ. ಭಾರ ಹೆಚ್ಚಿದಷ್ಟೂ ಪ್ರತಿ ಕೆಜಿಗೆ ಸಿಗುವ ಹಿಡಿತ ಇಳಿಯುತ್ತ ಹೋಗುತ್ತದೆ. ಅಗಲದ ಟೈರಿನ ಲಾಭ ಹುಟ್ಟುವುದು ಇಲ್ಲಿಂದ.

ಆದರೆ ಅಗಲದ ಟೈರು ನೆಲವನ್ನು ಹೆಚ್ಚು ಮುಟ್ಟುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಒಳಗಿನ ಗಾಳಿ ಅಷ್ಟೇ ಇದ್ದರೆ ನೆಲ ಮುಟ್ಟುವ ಜಾಗದ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಬದಲಾಗುವುದು ಅದರ ಆಕಾರ. ಮೊದಲು ಉದ್ದಕ್ಕಿದ್ದದ್ದು ಈಗ ಅಡ್ಡಕ್ಕೆ ಹರಡುತ್ತದೆ. ಅಡ್ಡ ಆಕಾರ ತಿರುವಿನಲ್ಲಿ ಬೇಗ ಪ್ರತಿಕ್ರಿಯಿಸುತ್ತದೆ. ಅದಕ್ಕಿಂತ ದೊಡ್ಡ ಲಾಭ, ರಬ್ಬರು ಹೆಚ್ಚಿರುವುದರಿಂದ ಬಿಸಿ ಹಂಚಿಹೋಗುತ್ತದೆ. ಐದನೇ ಸುತ್ತಿಗೇ ಸೋಲುತ್ತಿದ್ದ ಟೈರು ಎಂಟನೇ ಸುತ್ತಿನವರೆಗೆ ತಡೆಯುತ್ತದೆ. ನೂರು ಅಶ್ವಶಕ್ತಿಯ ಕಾರಿಗೆ ಇದರ ಇನ್ನೊಂದು ಮುಖವೂ ಇದೆ. ಅಗಲದ ಟೈರು ಭಾರ, ಗಾಳಿಯನ್ನು ಹೆಚ್ಚು ತಳ್ಳುತ್ತದೆ, ಉರುಳಲು ಹೆಚ್ಚು ಬಲ ಬೇಡುತ್ತದೆ. ತಿರುವಿನಲ್ಲಿ ಗಳಿಸಿದ್ದನ್ನು ನೇರ ದಾರಿಯಲ್ಲಿ ಕೊಟ್ಟುಬಿಡುವ ಸಾಧ್ಯತೆ ಸಣ್ಣದಲ್ಲ.

ಈಗ ಅಳತೆಗೆ ಬರೋಣ. ಇಲ್ಲಿ ಕಾಗದ ಪೆನ್ನು ಹಿಡಿದರೆ ಅರ್ಧ ಜಗಳ ತೀರುತ್ತದೆ. ಜಿಟಿಯ ಮೂಲ ಟೈರು 185/60 ಆರ್ 15. ಅಂದರೆ 185 ಮಿಲಿಮೀಟರ್ ಅಗಲ, ಅದರ ಶೇ. 60ರಷ್ಟು, ಎಂದರೆ 111 ಮಿ.ಮೀ. ಎತ್ತರದ ಪಕ್ಕೆ, 15 ಇಂಚಿನ ರಿಮ್. ಎರಡು ಪಕ್ಕೆ, ಮಧ್ಯೆ 381 ಮಿ.ಮೀ. ರಿಮ್, ಒಟ್ಟು ವ್ಯಾಸ 603. ಇದರ ಜಾಗಕ್ಕೆ 195/55 ಆರ್ 15 ಹಾಕಿದರೆ 595 ಚಿಲ್ಲರೆ, ಗುರುತೇ ಸಿಗದಷ್ಟು ವ್ಯತ್ಯಾಸ. 205/50 ಆರ್ 15 ಹಾಕಿದರೆ 586. ಹದಿನೇಳು ಮಿಲಿಮೀಟರ್ ಕಡಿಮೆ. ಶೇಕಡಾ ಮೂರರಷ್ಟು ಚಿಕ್ಕ ಗಾಲಿ. ಗೇರುಗಳೆಲ್ಲ ಅಷ್ಟು ಗಿಡ್ಡವಾದಂತೆ, ತಿರುವಿನಿಂದ ಹೊರಬರುವಾಗ ಕಾರು ಕೊಂಚ ಚುರುಕು. ಸ್ಪೀಡೋಮೀಟರು ಶೇಕಡಾ ಮೂರರಷ್ಟು ಜಂಬ ಕೊಚ್ಚುತ್ತದೆ, ಕಾರು ಎಂಟೂವರೆ ಮಿ.ಮೀ. ನೆಲಕ್ಕಿಳಿಯುತ್ತದೆ. ಟ್ರ್ಯಾಕಿನಲ್ಲಿ ಇದು ಒಳ್ಳೆಯದೇ. ನಮ್ಮ ಬಡಾವಣೆಯ ಹಂಪುಗಳು ಮಾತ್ರ ಬೇರೆ ಅಭಿಪ್ರಾಯ ಹೇಳುತ್ತವೆ.

ಅಗಲದ ಇನ್ನೊಂದು ಅರ್ಧ ರಿಮ್ಮಿನಲ್ಲಿದೆ, ಅದನ್ನು ಕೇಳುವವರು ಕಡಿಮೆ. ಪೋಲೋದ ಮೂಲ ರಿಮ್ಮಿನ ಅಗಲ ಆರು ಇಂಚು. 195/55 ಟೈರಿಗೆ ಐದೂವರೆಯಿಂದ ಏಳು ಇಂಚಿನವರೆಗಿನ ರಿಮ್ ನಡೆಯುತ್ತದೆ, ಆರು ಅದಕ್ಕೆ ಸರಿಯಾದ ಅಳತೆ. 205/50 ಕೂಡ ಐದೂವರೆಯಿಂದ ಏಳೂವರೆಯವರೆಗೆ ಒಪ್ಪುತ್ತದೆ ಎಂದು ಕೈಪಿಡಿ ಹೇಳುತ್ತದೆ. ಆದರೆ ಆರು ಇಂಚಿನ ಮೇಲೆ ಅದು ಬಿಗಿ ಅಂಗಿ ತೊಟ್ಟವರಂತೆ ಮೇಲೆ ಉಬ್ಬಿ ಕೆಳಗೆ ಕಿರಿದಾಗುತ್ತದೆ. ತಿರುವಿನಲ್ಲಿ ಪಕ್ಕೆ ಹೊರಳುತ್ತದೆ, ಸ್ಟೀರಿಂಗ್ ಕೊಟ್ಟದ್ದಕ್ಕೂ ಮೂತಿ ತಿರುಗುವುದಕ್ಕೂ ನಡುವೆ ಒಂದು ಮೆದು ಅಂತರ ಬರುತ್ತದೆ. ಸರಿಯಾದ ರಿಮ್ಮಿನ ಮೇಲಿನ 195, ಬಿಗಿದ ರಿಮ್ಮಿನ ಮೇಲಿನ 205ಕ್ಕಿಂತ ಓಡಿಸಲು ಸುಖ. ಎಷ್ಟೋ ಸಲ ವೇಗವೂ ಹೌದು. 205 ಬೇಕೇ ಬೇಕೆಂದರೆ ಏಳು ಇಂಚಿನ ರಿಮ್ ಜೊತೆಗೆ ಬರಬೇಕು. ಪೋಲೋಗೆ ಐದು ಬೋಲ್ಟು, 100 ಮಿ.ಮೀ. ವೃತ್ತ, ನಡುವಿನ ತೂತು 57.1 ಮಿ.ಮೀ. ತೂತು ದೊಡ್ಡದಿರುವ ರಿಮ್ ಕೊಂಡರೆ ನಡುವೆ ಬಳೆ ಹಾಕಿಸಲೇಬೇಕು, ಇಲ್ಲವಾದರೆ ನೂರು ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ, ನೀವು ಬ್ಯಾಲೆನ್ಸಿಂಗ್‌ನವರನ್ನು ಬೈಯುತ್ತೀರಿ.

ಹದಿನೇಳು ಇಂಚಿನ ರಿಮ್ ಹಾಕಿಸುವ ಚಟದ ಬಗ್ಗೆ ಒಂದೇ ಮಾತು. ಅಂದಕ್ಕೆ ಹಾಕಿಸಿ, ಬೇಡವೆನ್ನಲಾರೆ. ನೂರು ಅಶ್ವಶಕ್ತಿಯ ಕಾರಿಗೆ ಟ್ರ್ಯಾಕಿನಲ್ಲಿ ಅದು ಕಾಲಿಗೆ ಕಟ್ಟಿದ ಗುಂಡು.

ಇನ್ನು ಋಣದ ಮಾತು. 205/50 ಆರ್ 15 ಎಂಬ ಅಳತೆಯಲ್ಲಿ ಜಗತ್ತಿನ ಒಳ್ಳೊಳ್ಳೆಯ ಟ್ರ್ಯಾಕ್ ಟೈರುಗಳೆಲ್ಲ ಇವೆ: ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೊಕೊಹಾಮಾ ಎ052, ಟೊಯೊ ಆರ್888ಆರ್, ನ್ಯಾನ್‌ಕ್ಯಾಂಗ್ ಎಆರ್-1. ಹೊಸ ಕಾರುಗಳು ಹದಿನೇಳು ಹದಿನೆಂಟು ಇಂಚಿಗೆ ಏರಿ ಕೂತಿರುವಾಗ ಹದಿನೈದು ಇಂಚಿನಲ್ಲಿ ಯಾಕೆ ಇಷ್ಟೊಂದು? ಇದು ಪೋಲೋಗಾಗಿ ಮಾಡಿದ್ದಲ್ಲ, ಸ್ವಿಫ್ಟ್‌ಗಾಗಿಯಂತೂ ಅಲ್ಲ. ಇದರ ಬಹುಪಾಲು ಪುಣ್ಯ ಮಜ್ದಾ ಮಿಯಾಟಾಗೆ ಸಲ್ಲಬೇಕು. ಮಜ್ದಾ ಎಂದರೆ ನಮ್ಮಲ್ಲಿ ಒಂದು ತಲೆಮಾರಿಗೆ ನೆನಪಾಗುವುದು ಸ್ವರಾಜ್ ಮಜ್ದಾ ಮಿನಿ ಬಸ್ಸು. ಅದೇ ಕಂಪನಿ 1989ರ ಫೆಬ್ರವರಿಯಲ್ಲಿ ಶಿಕಾಗೊ ಮೇಳದಲ್ಲಿ ಎರಡೇ ಸೀಟಿನ, ತೆರೆದ ಮಾಡಿನ, ಒಂದು ಟನ್ನಿಗಿಂತ ಹಗುರದ ಪುಟ್ಟ ಕಾರನ್ನು ಹೊರತಂದಿತು. ಮೂಲ ಟೈರು 185/60 ಆರ್ 14, ನಮ್ಮ ಜಿಟಿಯಷ್ಟೇ ಅಗಲ. ಆ ಕಾರು ಭಾರತಕ್ಕೆ ಅಧಿಕೃತವಾಗಿ ಬರಲೇ ಇಲ್ಲ. ಅಮೆರಿಕದಲ್ಲಿ ಮಾತ್ರ ಹವ್ಯಾಸಿ ರೇಸಿನ ಬಡವರ ಬಂಧುವಾಯಿತು. ಮಿಯಾಟಾಗಳಿಗೆಂದೇ ಸ್ಪೆಕ್ ಮಿಯಾಟಾ ಎಂಬ ರೇಸಿನ ವರ್ಗ ಹುಟ್ಟಿತು, ಅದರಲ್ಲಿ ಓಡುವುದು 205/50 ಆರ್ 15. ಪ್ರತಿ ವಾರಾಂತ್ಯ ಇಷ್ಟು ಜನ ಅದೇ ಅಳತೆ ಸವೆಸುವಾಗ ಯಾವ ಕಂಪನಿಯೂ ಆ ಅಚ್ಚನ್ನು ಮೂಲೆಗೆ ಹಾಕುವುದಿಲ್ಲ.

195/55 ಆರ್ 15ರ ಹಿಂದೆಯೂ ಇಂಥದೇ ಒಬ್ಬ ಪುಣ್ಯಾತ್ಮನಿದ್ದಾನೆ. 1997ರ ಹೊಂಡಾ ಸಿವಿಕ್ ಟೈಪ್ ಆರ್ ಜಪಾನಿನ ಕಾರ್ಖಾನೆಯಿಂದ ಹೊರಬಂದದ್ದು ಅದೇ ಅಳತೆಯಲ್ಲಿ. ಸಣ್ಣ ಹ್ಯಾಚ್‌ಬ್ಯಾಕ್, ಮುಂದಿನ ಗಾಲಿಯ ಎಳೆತ, 185 ಅಶ್ವಶಕ್ತಿ. ಅದಕ್ಕೆ 195 ಸಾಕಾಗಿತ್ತು ಎಂಬುದನ್ನು ನಮ್ಮ 105ರ ಕಾರಿಗೆ 225 ಹುಡುಕುವವರು ಒಮ್ಮೆ ಯೋಚಿಸಬಹುದು.

ಹದಿನಾರು ಇಂಚಿನವರ ಪಾಡು ಕಷ್ಟ. ನಂತರದ ಜಿಟಿಗೂ ಅಬಾರ್ತ್ ಪುಂಟೊಗೂ ಬಂದದ್ದು 195/55 ಆರ್ 16. ರಸ್ತೆಯ ಟೈರುಗಳು ಈ ಅಳತೆಯಲ್ಲಿ ಧಾರಾಳ, ಟ್ರ್ಯಾಕಿನ ಟೈರು ವಿರಳ. ಅಂಥವರು ಒಂದು ಹೆಜ್ಜೆ ಹಿಂದಿಟ್ಟು, ಬ್ರೇಕ್ ಕ್ಯಾಲಿಪರ್ ತಾಗದು ಎಂದು ಖಾತ್ರಿ ಮಾಡಿಕೊಂಡು, ಟ್ರ್ಯಾಕಿಗೆಂದೇ ಹದಿನೈದರ ಒಂದು ಜೊತೆ ಇಟ್ಟುಕೊಳ್ಳುವುದೇ ಜಾಣತನ. ರಿಮ್ ಹಗುರ, ಟೈರು ಅಗ್ಗ, ಆಯ್ಕೆ ಹೆಚ್ಚು. ಷೋಕಿ ಕಡಿಮೆ, ಅಷ್ಟೇ.

ಮುಂದಿನದು ರಬ್ಬರಿನ ಗುಣ. ಟೈರಿನ ಪಕ್ಕೆಯ ಮೇಲೆ ಟ್ರೆಡ್‌ವೇರ್ ಎಂದು ಬರೆದು ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಮಾಮೂಲಿ ಟೈರಿಗೆ 300, 400, ಇನ್ನೂ ಹೆಚ್ಚು. ಟ್ರ್ಯಾಕಿನ ಮಂದಿ ಹುಡುಕುವುದು 200. ಅದಕ್ಕೂ ಕೆಳಗೆ, ನೂರರ ಆಸುಪಾಸಿನಲ್ಲಿ, ಆರ್888ಆರ್ ತರಹದ ಅರ್ಧ ಸ್ಲಿಕ್‌ಗಳಿವೆ (ಸ್ಲಿಕ್ ಎಂದರೆ ತೋಡುಗಳಿಲ್ಲದ ರೇಸ್ ಟೈರು). ಸಂಖ್ಯೆ ಕಡಿಮೆಯಾದಷ್ಟೂ ರಬ್ಬರು ಮೃದು, ಹಿಡಿತ ಹೆಚ್ಚು, ಆಯುಸ್ಸು ಕಡಿಮೆ ಎಂಬುದು ಸಾಮಾನ್ಯ ತಿಳಿವಳಿಕೆ.

ಆದರೆ ಈ ಸಂಖ್ಯೆಯ ಜಾತಕ ಸ್ವಲ್ಪ ತಮಾಷೆಯದು. ಇದು ಅಮೆರಿಕ ಸರ್ಕಾರದ ಪದ್ಧತಿ. ಟೆಕ್ಸಾಸಿನ ಸಾರ್ವಜನಿಕ ರಸ್ತೆಗಳಲ್ಲಿ 400 ಮೈಲಿಯ ಒಂದು ಸುತ್ತು ಗೊತ್ತುಮಾಡಿದ್ದಾರೆ. ಅಲ್ಲಿ ವಾಹನಗಳು ಸಾಲಾಗಿ ಒಟ್ಟು 7,200 ಮೈಲಿ ಓಡುತ್ತವೆ, ಮಾದರಿ ಟೈರಿನ ಸವೆತವನ್ನು 100 ಎಂದು ಹಿಡಿದು ಉಳಿದದ್ದನ್ನು ಹೋಲಿಸುತ್ತಾರೆ. ಅಳೆದ ಸವೆತದಿಂದ ಪೂರ್ತಿ ಆಯುಸ್ಸು ಊಹಿಸಿ ಸಂಖ್ಯೆ ಕೊಡುವುದು ಕಂಪನಿಯದೇ ಕೆಲಸ. ಅಂದರೆ ವಿದ್ಯಾರ್ಥಿಯೇ ತನ್ನ ಅಂಕಪಟ್ಟಿ ಬರೆದುಕೊಂಡಂತೆ. ಇದಕ್ಕೂ ಹಿಡಿತಕ್ಕೂ ನೇರ ಸಂಬಂಧವಿಲ್ಲ. ಹವ್ಯಾಸಿ ಸ್ಪರ್ಧೆಗಳವರು ಖರ್ಚು ಹತೋಟಿಯಲ್ಲಿಡಲು '200ಕ್ಕಿಂತ ಕಡಿಮೆ ಇರಕೂಡದು' ಎಂದು ನಿಯಮ ಮಾಡಿದರು. ಕಂಪನಿಗಳು ಸ್ಲಿಕ್ಕಿಗೆ ಮಾರು ದೂರದ ರಬ್ಬರು ಕಲಸಿ ಪಕ್ಕೆಯ ಮೇಲೆ 200 ಎಂದು ಅಚ್ಚೊತ್ತಿದವು. ಹಾಗಾಗಿ ಒಂದು ಕಂಪನಿಯ 200 ಎರಡು ಟ್ರ್ಯಾಕ್ ಡೇಗೆ ನೆಲ ಕಚ್ಚಿದರೆ ಇನ್ನೊಂದರ 200 ವರ್ಷ ಬಾಳಬಹುದು. ಹ್ಯಾಂಕೂಕ್ ಆರ್‌ಎಸ್4 ಬಾಳಿಕೆಗೆ ಹೆಸರಾದದ್ದು, ಯೊಕೊಹಾಮಾ ಎ052 ಮೊದಲೆರಡು ಸುತ್ತಿನ ಹಿಡಿತಕ್ಕೆ. ಎರಡರ ಮೇಲೂ ಅದೇ 200.

ನಮ್ಮ ದೇಶದ ಬಾಗಿಲಿನಲ್ಲಿ ಇನ್ನೆರಡು ಜರಡಿ ಇವೆ. ಇಲ್ಲಿ ಮಾರುವ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಇದರ ಮೇಲೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರಿನ ಆಮದನ್ನು ಮುಕ್ತ ಪಟ್ಟಿಯಿಂದ ತೆಗೆದು ನಿರ್ಬಂಧಿತ ಪಟ್ಟಿಗೆ ಹಾಕಿತು; ತರಿಸಲು ಪರವಾನಗಿ ಬೇಕು. ಲಾರಿ ಟೈರು, ಕಾರಿನ ಟೈರು ಎಂದು ನೋಡಿದ ನಿಯಮಕ್ಕೆ ವರ್ಷಕ್ಕೆ ನಾಲ್ಕಾರು ಜೊತೆ ಬೇಕಾದ ಟ್ರ್ಯಾಕಿನವರು ಕಣ್ಣಿಗೇ ಬೀಳುವುದಿಲ್ಲ. ಮೇಲೆ ಹೇಳಿದ ಹೆಸರುಗಳನ್ನೆಲ್ಲ ಅಂಗಡಿಯಲ್ಲಿ ಕೇಳಿ ಕೊಳ್ಳುವ ಹಾಗಿಲ್ಲ, ಸಿಕ್ಕ ಅಳತೆ ಸಿಕ್ಕಾಗ ಹಿಡಿಯಬೇಕು. ಹಿಡಿದಾಗ ಪಕ್ಕೆಯ ಮೇಲಿನ ನಾಲ್ಕಂಕಿ ಓದಿ. 3523 ಎಂದಿದ್ದರೆ 2023ರ ಮೂವತ್ತೈದನೇ ವಾರದ್ದು. ಗೋದಾಮಿನಲ್ಲಿ ವರ್ಷಗಟ್ಟಲೆ ಮಲಗಿದ ಮೃದು ರಬ್ಬರು ಹಳೇ ಚಪ್ಪಲಿಯಂತೆ ಗಡುಸಾಗಿರುತ್ತದೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ದುಬಾರಿ.

ಸ್ವದೇಶಿ ಇಲ್ಲವೇ ಎಂದರೆ, ರೇಸಿಗೆ ಇದೆ. 1946ರಲ್ಲಿ ಬಲೂನು ಮಾಡುತ್ತ ಶುರುವಾದ ಎಂಆರ್‌ಎಫ್ ಇವತ್ತು ರೇಸ್ ಸ್ಲಿಕ್ ಮಾಡುತ್ತದೆ. ಮೈಸೂರಿನ ವಿಕ್ರಾಂತ್ ಟೈರ್ಸನ್ನು 1997ರಲ್ಲಿ ತೆಕ್ಕೆಗೆ ತೆಗೆದುಕೊಂಡ ಜೆಕೆ ಟೈರ್ ತನ್ನದೇ ಚಾಂಪಿಯನ್‌ಶಿಪ್ ನಡೆಸುತ್ತದೆ. ಮೈಸೂರಿನ ಹಳಬರು ಈಗಲೂ ಆ ಕಾರ್ಖಾನೆಯನ್ನು ವಿಕ್ರಾಂತ್ ಎಂದೇ ಕರೆಯುವುದು. ಆದರೆ ಸ್ಲಿಕ್ ಹಾಕಿಕೊಂಡು ಹೆದ್ದಾರಿಗಿಳಿಯುವಂತಿಲ್ಲ. ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿ.ಮೀ. ಆಳದ ತೋಡು ಇರಬೇಕೆಂಬ ಕಾನೂನು ಹಾಗಿರಲಿ, ಮೊದಲ ಮಳೆಯಲ್ಲೇ ಕಾರು ದೋಣಿಯಾಗುತ್ತದೆ. ಓಡಿಸಿಕೊಂಡು ಹೋಗಿ ಬರುವವರಿಗೆ ಬೇಕಾದ, ರಸ್ತೆಗೂ ಟ್ರ್ಯಾಕಿಗೂ ನಡುವಿನ ಆ ಟೈರನ್ನು ಹದಿನೈದು ಇಂಚಿನಲ್ಲಿ ಮೈಸೂರಿನಲ್ಲೋ ಚೆನ್ನೈಯಲ್ಲೋ ಯಾರಾದರೂ ಮಾಡಲಿ ಎಂದು ಕಾಯುವವರಲ್ಲಿ ನಾನೂ ಒಬ್ಬ.

ಮುಂದಿನ ಎಡಗಾಲಿಗೆ ಮರಳೋಣ, ಏಕೆಂದರೆ ಅಸಲು ಕತೆ ಅಲ್ಲಿದೆ. ಪೋಲೋದ ತೂಕ ಓಡಿಸುವವರೂ ಸೇರಿ 1,180 ಕೆಜಿ ಎಂದುಕೊಳ್ಳಿ. ನಿಂತಾಗಲೇ ಅದರಲ್ಲಿ 730ರಷ್ಟು ಮುಂದಿನ ಎರಡು ಗಾಲಿಗಳ ಮೇಲಿರುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ, ಕಾರಿನ ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲಿದೆ ಎಂದಿಟ್ಟುಕೊಂಡರೂ, ಇನ್ನೊಂದು 240 ಕೆಜಿ ಹಿಂದಿನಿಂದ ಮುಂದಕ್ಕೆ ಜಾರುತ್ತದೆ. ಮುಂದೆ 970, ಹಿಂದೆ 210. ಪ್ರತಿ ಮುಂಗಾಲಿಯ ಮೇಲೆ ಅರ್ಧ ಟನ್ನಿನ ಹತ್ತಿರ. 185/60 ಆರ್ 15 ಟೈರಿನ ಮೇಲೆ 84 ಎಂಬ ಭಾರಸೂಚಿ ಇರುತ್ತದೆ, ಅದರ ಅರ್ಥ 500 ಕೆಜಿ. ಟೈರು ಒಡೆಯುವುದಿಲ್ಲ, ಅದಕ್ಕೆ ಬೇಕಾದಷ್ಟು ಮೀಸಲು ಇದೆ. ಆದರೆ ದಿನಸಿ ತರಲು ಹೋದಾಗ ಅರ್ಧ ನಿದ್ದೆಯಲ್ಲಿದ್ದ ಗಾಲಿ ಇಲ್ಲಿ ಮೂಟೆ ಹೊರುತ್ತಿದೆ ಎಂಬುದಕ್ಕೆ ಈ ಲೆಕ್ಕ ಸಾಕು. ಅದೇ ಗಾಲಿ ತಿರುಗಬೇಕು, ಅದೇ ಎಳೆಯಬೇಕು. ಪ್ರದಕ್ಷಿಣಾಕಾರದ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚು, ಭಾರ ಎಡಕ್ಕೆ ವಾಲುತ್ತದೆ. ಹಿಂದಿನ ಬಲಗಾಲಿ ಕೆಲವೊಮ್ಮೆ ನೆಲವನ್ನೇ ಬಿಟ್ಟು, ನಾಯಿ ಕಂಬದ ಹತ್ತಿರ ನಿಂತ ಭಂಗಿ.

ಭಾರ ಬಿದ್ದ ಮುಂಗಾಲಿ ಹೊರಕ್ಕೆ ವಾಲುತ್ತದೆ, ಟೈರಿನ ಹೊರ ಅಂಚಿನ ಮೇಲೆ ಕಾರು ನಿಲ್ಲುತ್ತದೆ. ಟೈರಿನ ಮುಕ್ಕಾಲು ಅಗಲ ಸುಮ್ಮನೆ ಪ್ರವಾಸಕ್ಕೆ ಬಂದಂತೆ. ಇದಕ್ಕೆ ಮದ್ದು ಅಗಲದ ಟೈರಲ್ಲ, ಕ್ಯಾಂಬರ್. ಗಾಲಿಯ ತಲೆಯನ್ನು ಎರಡು ಎರಡೂವರೆ ಡಿಗ್ರಿ ಒಳಕ್ಕೆ ವಾಲಿಸಿದರೆ ತಿರುವಿನಲ್ಲಿ ಟೈರು ಪೂರ್ತಿ ಅಗಲದಲ್ಲಿ ನೆಲಕ್ಕೆ ಕೂರುತ್ತದೆ. ಕಾರ್ಖಾನೆಯಿಂದ ಬಂದ ಹಾಗೆ ಪೋಲೋದಲ್ಲಿ ಇಷ್ಟು ಸಿಗುವುದಿಲ್ಲ. ಕ್ಯಾಂಬರ್ ಬೋಲ್ಟು, ಇಲ್ಲವೇ ಮೇಲಿನ ಕ್ಯಾಂಬರ್ ಪ್ಲೇಟು ಹಾಕಿಸಬೇಕು. ಒಂದು ಜೊತೆ ಒಳ್ಳೆ ಟೈರಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಯುವ ಈ ಕೆಲಸ ಟೈರಿನ ಆಯುಸ್ಸನ್ನು ಎದ್ದು ಕಾಣುವಷ್ಟು ಹೆಚ್ಚಿಸುತ್ತದೆ. ಆದರೂ ಜನ ಮೊದಲು ಟೈರು ಕೊಳ್ಳುತ್ತಾರೆ. ಕ್ಯಾಂಬರ್ ಫೋಟೊದಲ್ಲಿ ಕಾಣುವುದಿಲ್ಲವಲ್ಲ.

ಮುಂದೆ ಮಾತ್ರ ಅಂಟುವ ಟೈರು ಹಾಕಿ ಹಿಂದೆ ಹಳೆಯದನ್ನೇ ಬಿಡುವ ಉಪಾಯ ಆಗಾಗ ಕೇಳಿಬರುತ್ತದೆ. ದುಡ್ಡು ಉಳಿಯುತ್ತದೆ, ಕಾರಿನ ಮೂತಿಯೂ ಚೆನ್ನಾಗಿ ತಿರುಗುತ್ತದೆ. ವೇಗದ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣ ಮಾತ್ರ ಹಿಂಭಾಗ ಮುಂಭಾಗಕ್ಕಿಂತ ಮೊದಲು ಮನೆಗೆ ಹೋಗಲು ನೋಡುತ್ತದೆ. ಮಳೆ ಬಿದ್ದ ಹೆದ್ದಾರಿಯಲ್ಲೂ ಇದೇ. ಅನುಭವಿಗಳು ಬೇಕೆಂದೇ ಹೀಗೆ ಹೊಂದಿಸಿಕೊಳ್ಳುವುದುಂಟು. ಉಳಿದವರಿಗೆ ನಾಲ್ಕೂ ಒಂದೇ ಟೈರು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಬಿಸಿಯ ವಿಷಯಕ್ಕೆ ಬಂದರೆ, ಟೈರು ಅನ್ನದ ಹಾಗೆ: ಹದ ಮುಖ್ಯ. ಟ್ರ್ಯಾಕಿನ ರಬ್ಬರು ಸುಮಾರು 80ರಿಂದ 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ರಸ್ತೆಯ ರಬ್ಬರು ಅದಕ್ಕೂ ಮೊದಲೇ ಹದ ಮೀರಿ ಜಿಡ್ಡಾಗುತ್ತದೆ. ಜಪಾನಿನ ಚಳಿಯಲ್ಲೋ ಇಂಗ್ಲೆಂಡಿನ ತುಂತುರಿನಲ್ಲೋ ಬರೆದ ಟೈರಿನ ವಿಮರ್ಶೆಗಳಲ್ಲಿ 'ಬಿಸಿಯಾಗಲು ಎರಡು ಸುತ್ತು ಬೇಕು' ಎಂಬ ದೂರು ಓದುತ್ತೇವೆ. ಇರುಂಗಾಟ್ಟುಕೋಟೈನ ಮಧ್ಯಾಹ್ನದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ನಮ್ಮ ಸಮಸ್ಯೆ ಬಿಸಿಯಾಗಿಸುವುದಲ್ಲ. ಮೊದಲ ಸುತ್ತಿನಲ್ಲೇ ಅದ್ಭುತ ಹಿಡಿತ ಕೊಟ್ಟು ಮೂರನೆಯದಕ್ಕೆ ಕರಗುವ ಟೈರಿಗಿಂತ ಸ್ವಲ್ಪ ಗಡುಸಾಗಿ ಇಪ್ಪತ್ತು ನಿಮಿಷ ಒಂದೇ ಸಮ ನಿಲ್ಲುವ ಟೈರು ದಕ್ಷಿಣ ಭಾರತಕ್ಕೆ ಮೇಲು.

ಬಿಸಿಯೊಂದಿಗೆ ಗಾಳಿಯ ಒತ್ತಡವೂ ಏರುತ್ತದೆ. ಬೆಳಿಗ್ಗೆ 30 ಡಿಗ್ರಿಯಲ್ಲಿ 28 ಪಿಎಸ್‌ಐ ಹಾಕಿದ ಟೈರಿನೊಳಗಿನ ಗಾಳಿ 70 ಡಿಗ್ರಿ ಮುಟ್ಟಿದಾಗ ಗೇಜು ಮೂವತ್ತಮೂರೂವರೆ ದಾಟಿರುತ್ತದೆ. ನೈಟ್ರೋಜನ್ ತುಂಬಿಸಿದರೂ ಲೆಕ್ಕ ಇದೇ, ಒಣ ಗಾಳಿಗೂ ಅದಕ್ಕೂ ಇಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದ್ದರಿಂದ ಟ್ರ್ಯಾಕಿನವರು ಮಾತಾಡುವುದು ಬಿಸಿ ಒತ್ತಡದ ಭಾಷೆಯಲ್ಲಿ. ಒಳಬಂದ ತಕ್ಷಣ, ಟೈರು ಆರುವ ಮೊದಲು ಗೇಜು ಹಿಡಿಯಬೇಕು. ಹದ ಕಂಡುಹಿಡಿಯಲು ಸೀಮೆಸುಣ್ಣ ಸಾಕು: ಟೈರಿನ ಭುಜದ ಮೇಲೆ ಅಡ್ಡ ಗೀರು ಎಳೆದು ಹೊರಡಿ, ಬಂದಾಗ ಗೀರು ಎಲ್ಲಿಯವರೆಗೆ ಅಳಿಸಿದೆ ನೋಡಿ. ಪಕ್ಕೆಯ ಮೇಲಿನ ಪುಟ್ಟ ತ್ರಿಕೋನದ ಗುರುತು ದಾಟಿ ಕೆಳಗೂ ಅಳಿಸಿದ್ದರೆ ಟೈರು ಮಗುಚುತ್ತಿದೆ, ಗಾಳಿ ಹೆಚ್ಚಿಸಿ. ಮೇಲೆಯೇ ಉಳಿದಿದ್ದರೆ ಎರಡು ಪಿಎಸ್‌ಐ ಬಿಡಿ. ಸಣ್ಣ ಹ್ಯಾಚ್‌ಬ್ಯಾಕಿನ ಮುಂಗಾಲಿಗೆ ಬಿಸಿಯಲ್ಲಿ 33–35ರ ನಡುವೆ ಹುಡುಕಲು ಶುರುಮಾಡುವುದು ನನ್ನ ರೂಢಿ. ಒಳ್ಳೆಯ ಗೇಜು ಒಂದು ಕೈಯಲ್ಲಿದ್ದರೆ ಸಾಧಾರಣ ಟೈರೂ ಮರ್ಯಾದೆ ಉಳಿಸುತ್ತದೆ.

ಹೊಸಬರು ಯಾವುದನ್ನು ಹಾಕಬೇಕು? ಮೊದಲ ವರ್ಷ 185/60 ಇಲ್ಲವೇ 195/55ರಲ್ಲಿ ಸಿಗುವ, ವಿ ಎಂಬ ವೇಗಸೂಚಿಯಿರುವ ಒಳ್ಳೆಯ ರಸ್ತೆ ಟೈರು. ವಿ ಎಂದರೆ 240 ಕಿ.ಮೀ. ವೇಗ; ಆ ವೇಗ ನಮಗೆ ಬೇಡ, ಆ ವೇಗದ ಬಿಸಿ ತಾಳುವಂತೆ ಕಟ್ಟಿದ ಗಟ್ಟಿತನ ಬೇಕು. ನಮ್ಮ ಸಾಧಾರಣ ಹ್ಯಾಚ್‌ಬ್ಯಾಕುಗಳ ಮೇಲೆ ಬರುವ ಟಿ ದರ್ಜೆಯ, ಮೈಲೇಜಿಗಾಗಿ ಮಾಡಿದ ಟೈರಿಗೂ ಇದಕ್ಕೂ ಬಹಳ ಅಂತರ. ರಸ್ತೆ ಟೈರು ಜಾರುವ ಮೊದಲು ಕಿರುಚುತ್ತದೆ, ಮೆಲ್ಲಗೆ ಕೈಬಿಡುತ್ತದೆ, ನೀವು ಮಾಡಿದ ತಪ್ಪನ್ನು ಗಟ್ಟಿಯಾಗಿ ಹೇಳುತ್ತದೆ. ಅರ್ಧ ಸ್ಲಿಕ್ಕು ಅದೇ ತಪ್ಪನ್ನು ಮುಚ್ಚಿಟ್ಟು, ಇನ್ನೂ ಇಪ್ಪತ್ತು ಕಿಲೋಮೀಟರ್ ವೇಗ ಕೂಡಿಸಿ ಒಮ್ಮೆಲೇ ಬಡ್ಡಿಸಹಿತ ವಾಪಸು ಕೊಡುತ್ತದೆ. ಉಳಿದ ದುಡ್ಡಿನಲ್ಲಿ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಬದಲಿಸಿ.

ಕಿರುಚಾಟ ಕಡಿಮೆಯಾಗಿ ಸಮಯ ಒಂದೇ ಸಮ ಬರತೊಡಗಿದ ಮೇಲೆ ಕ್ಯಾಂಬರ್. ಅದಾದ ಮೇಲೆ, ಆಗಲೂ ಆಸೆ ಉಳಿದಿದ್ದರೆ, 15 ಇಂಚು ವ್ಯಾಸದ 7 ಇಂಚು ಅಗಲದ ಹಗುರ ರಿಮ್ ನಾಲ್ಕು, 205/50ರಲ್ಲಿ ಸಿಕ್ಕಿದ ಯಾವುದಾದರೂ 200. ಯಾವ ಹೆಸರು ಎಂದು ಒತ್ತಾಯಿಸಿದರೆ ಬಾಳಿಕೆಯದನ್ನು ಆರಿಸುತ್ತೇನೆ. ಎರಡು ಸೆಕೆಂಡು ಕಳೆದುಕೊಂಡು ಇನ್ನೂ ನಾಲ್ಕು ಟ್ರ್ಯಾಕ್ ಡೇ ಗಳಿಸುವುದು ನನಗೆ ನಷ್ಟದ ವ್ಯಾಪಾರವಾಗಿ ಕಂಡಿಲ್ಲ. ಕಾರಿನ ವಿಮೆ ಪತ್ರವನ್ನೂ ಒಮ್ಮೆ ತೆರೆದು ಓದಿ. ರೇಸು, ವೇಗ ಪರೀಕ್ಷೆಗಳಿಗೆ ಪಾಲಿಸಿ ಅನ್ವಯಿಸದು ಎಂದು ಅದರಲ್ಲಿ ಬರೆದಿರುತ್ತದೆ. ತಡೆಗೋಡೆಗೆ ಮುತ್ತಿಟ್ಟರೆ ಬಂಪರು ನಿಮ್ಮ ಜೇಬಿನದೇ.

ಸಂಜೆ ಐದಕ್ಕೆ ಬಾವುಟ ಬೀಸಿ ಎಲ್ಲರೂ ಸಾಮಾನು ಕಟ್ಟುವಾಗ ಒಂದು ಕೆಲಸ ಬಾಕಿ ಇರುತ್ತದೆ, ಸುಸ್ತಿನಲ್ಲಿ ಅದನ್ನು ಮರೆಯುವವರೇ ಹೆಚ್ಚು. ದಿನವಿಡೀ ಬಿಸಿಯಲ್ಲಿ ಗಾಳಿ ಬಿಟ್ಟು ಬಿಟ್ಟು ಟೈರು 32ಕ್ಕೆ ಬಂದಿರುತ್ತದೆ. ಅದೇ ಟೈರು ಊಟ ಮುಗಿಸಿ ಹೊರಡುವ ಹೊತ್ತಿಗೆ 25 ಡಿಗ್ರಿಗೆ ತಣ್ಣಗಾದರೆ ಗೇಜು ತೋರಿಸುವುದು 26. ಹಿಂದಿನ ಸೀಟಿನಲ್ಲಿ ಇನ್ನೊಂದು ಜೊತೆ ಟೈರು, ಟ್ರಾಲಿ ಜಾಕು, ಹೆಲ್ಮೆಟ್ಟು, ಪಕ್ಕದಲ್ಲಿ ಗೊರಕೆ ಹೊಡೆಯುವ ಗೆಳೆಯ, ಮುಂದೆ ವೆಲ್ಲೂರು, ಕೃಷ್ಣಗಿರಿ, ಹೊಸೂರು. ಗೇಟು ದಾಟಿದ ಮೇಲೆ ಸಿಗುವ ಮೊದಲ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಗಾಳಿ ಹಾಕಿಸಿ.